ಎಲ್ಲವನ್ನೂ ಚೆಲ್ಲಿ, ಬೇಕಾದ್ದನ್ನು ಬಾಚಿಕೊಳ್ಳುವ ಕಿಡ್ನಿ

ಚೆನ್ನೈನಲ್ಲಿ ಕತ್ತಿರಿ ಎಂಬ ಕಡುಬೇಸಿಗೆಯ ಬಿಸಿಲು ಶುರುವಾದರೆ ಮೂತ್ರ ಕಡಿಮೆಯಾಗುತ್ತದೆ, ಹಳದಿಯೂ ಆಗುತ್ತದೆ. ಕಿಡ್ನಿ ಶುದ್ಧಿಗೆಂದು ಮಾರುವ ಕಷಾಯ ಕುಡಿಯಬಹುದೇ ಎಂದು ಮಾಂಬಲದ ಓದುಗರೊಬ್ಬರು ಕೇಳಿದ್ದಾರೆ. ದುಡ್ಡು ಉಳಿಸಿಕೊಳ್ಳಿ. ನೀರು ಕುಡಿಯಿರಿ. ತೊಳೆಯಬೇಕಾದ ಕೊಳೆ ಕಿಡ್ನಿಯಲ್ಲಿ ಕೂತಿಲ್ಲ.

ಕಿಡ್ನಿ ಎಂದರೆ ಜರಡಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಮಾತ್ರ ನಿಜ. ಚೆನ್ನೈನ ದಕ್ಷಿಣಕ್ಕಿರುವ ನೆಮ್ಮೇಲಿಯ ನಿರ್ಲವಣೀಕರಣ ಘಟಕವನ್ನೇ ತೆಗೆದುಕೊಳ್ಳಿ. ದಿನಕ್ಕೆ 10 ಕೋಟಿ ಲೀಟರ್ ನೀರು ಕೊಡಲೆಂದು 2013ರಲ್ಲಿ ಶುರುವಾದದ್ದು. ಪಂಪು ಸಮುದ್ರದ ನೀರನ್ನು ಪೊರೆಯ ಮೇಲೆ ಒತ್ತುತ್ತದೆ. ನೀರು ದಾಟುತ್ತದೆ, ಉಪ್ಪು ಆಚೆಯೇ ಉಳಿಯುತ್ತದೆ. ಕಿಡ್ನಿಯಲ್ಲಿ ಪಂಪಿನ ಕೆಲಸ ಹೃದಯದ್ದು. ಪೊರೆಯೂ ಉಂಟು, ಆದರೆ ಅದು ಮಹಾ ಧಾರಾಳಿ. ರಕ್ತಕಣ ಮತ್ತು ಪ್ರೋಟೀನನ್ನು ತಡೆದು, ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವನ್ನೂ ಹೊರಕ್ಕೆ ಬಿಟ್ಟುಬಿಡುತ್ತದೆ. ದಿನಕ್ಕೆ ಸುಮಾರು 180 ಲೀಟರ್! ಮೈಯಲ್ಲಿರುವ ಪ್ಲಾಸ್ಮಾ ಸುಮಾರು 3 ಲೀಟರ್ ಅಷ್ಟೇ. ಹೀಗೆ ಸೋರಿದ್ದು ಹೋಗಿಯೇಬಿಟ್ಟರೆ ಅರ್ಧ ಗಂಟೆಯೊಳಗೆ ನಾವು ಬರಿದು.

ಹೋಗುವುದಿಲ್ಲ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಅವುಗಳ ಸಣ್ಣ ಕೊಳವೆಗಳು ಬೇಕಾದ್ದನ್ನೆಲ್ಲ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತವೆ. ಕೊನೆಗೆ ಉಳಿಯುವುದು ಒಂದೂವರೆ ಲೀಟರ್. ದಂಡದ ಕೆಲಸ ಅನ್ನಿಸಬಹುದು. ನನಗಂತೂ ಇದು ಭಾರಿ ಜಾಣತನ. ಪ್ರತಿಯೊಂದು ವಿಷವನ್ನೂ ಗುರುತು ಹಿಡಿಯುವ ತಾಪತ್ರಯವಿಲ್ಲ. ಬೇಕಾದ್ದರ ಗುರುತಿದ್ದರೆ ಸಾಕು.

ಇದನ್ನು ವಿಜ್ಞಾನಿಗಳು ಒಪ್ಪಲು 80 ವರ್ಷ ಹಿಡಿಯಿತು. ಮೊದಲು ಸೋಸುವಿಕೆ, ಆಮೇಲೆ ಹೀರುವಿಕೆ ಎಂದು ಜರ್ಮನಿಯ ಕಾರ್ಲ್ ಲುಡ್ವಿಗ್ 1840ರ ದಶಕದಲ್ಲೇ ಹೇಳಿದ್ದ. ಅದೇ ಕಾಲದ ಲಂಡನ್ನಿನ ವಿಲಿಯಂ ಬೋಮನ್, ಕಶ್ಮಲವನ್ನು ಕೊಳವೆಗಳೇ ಸ್ರವಿಸುತ್ತವೆ ಎಂದ. ಜಗಳ ಬಗೆಹರಿಸಿದ್ದು ಕಪ್ಪೆ. 1924ರಲ್ಲಿ ಅಮೆರಿಕದ ವೆರ್ನ್ ಮತ್ತು ರಿಚರ್ಡ್ಸ್, ಕೂದಲಿಗಿಂತ ತೆಳುವಾದ ಸೂಜಿಯಿಂದ ಕಪ್ಪೆಯ ಕಿಡ್ನಿಯಲ್ಲಿ ರಕ್ತ ಸೋಸುವ ನಾಳಗಳ ಗೊಂಚಲಾದ ಸೋಸುಗುಚ್ಛದಿಂದಲೇ ಹನಿ ತೆಗೆದರು. ಅದರಲ್ಲಿ ಸಕ್ಕರೆಯಿತ್ತು, ಅದೇ ಕಪ್ಪೆಯ ಮೂತ್ರಕೋಶದಲ್ಲಿ ಇರಲಿಲ್ಲ. ನಡುದಾರಿಯಲ್ಲಿ ಯಾರೋ ಬಾಚಿಕೊಂಡಿದ್ದರು! ಕೊಳವೆಗಳು ಕೆಲವನ್ನು ಸ್ರವಿಸುವುದೂ ನಿಜವೆಂದು ಆಮೇಲೆ ತಿಳಿಯಿತು. ಬೋಮನ್ ಪೂರ್ತಿ ಸೋತಿರಲಿಲ್ಲ.

ಬಿಸಿಲಲ್ಲಿ ಬೆವರು ಹರಿದು ರಕ್ತ ಗಟ್ಟಿಯಾದಾಗ ಮಿದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕಳಿಸುತ್ತದೆ. ಕೊಳವೆಗಳ ಗೋಡೆಯಲ್ಲಿ ನೀರಿನ ಕಿಂಡಿಗಳು ಹೆಚ್ಚುತ್ತವೆ, ಇನ್ನಷ್ಟು ನೀರು ವಾಪಸಾಗುತ್ತದೆ, ಮೂತ್ರ ಹಳದಿಗಟ್ಟುತ್ತದೆ. ಇಂಥ ಕಿಂಡಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಆದರೂ ಕಶ್ಮಲ ಸಾಗಿಸಲು ದಿನಕ್ಕೆ ಅರ್ಧ ಲೀಟರ್ ಮೂತ್ರವಾದರೂ ಬೇಕೇ ಬೇಕು. ಮುಂದಿನದು ಬರೀ ಸಾಗಾಟ: ಗೇಣುದ್ದದ ಮೂತ್ರನಾಳ ಅಲೆಯಲೆಯಾಗಿ ಹಿಂಡಿ ಕೆಳಗಿಳಿಸುತ್ತದೆ, ಮೂತ್ರಕೋಶ 400–500 ಮಿಲಿಲೀಟರ್ ಹಿಡಿದಿಡುತ್ತದೆ.

ನೀರಿನ ಈ ಉಳಿತಾಯಕ್ಕೂ ಮಿತಿಯಿದೆ. ಚೆನ್ನೈ ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಅವರ ತಂಡ ತಮಿಳುನಾಡಿನ ಉಪ್ಪಿನಗದ್ದೆಗಳ 352 ಕಾರ್ಮಿಕರನ್ನು ಪರೀಕ್ಷಿಸಿದಾಗ ಸುಮಾರು ಶೇಕಡ 7 ಮಂದಿಯ ಕಿಡ್ನಿಯ ಸೋಸುವ ಶಕ್ತಿ ಕುಗ್ಗಿತ್ತು. ಹೆಚ್ಚಿನವರು ದುಡಿಯುತ್ತಿದ್ದದ್ದು ಸುರಕ್ಷಿತ ಮಿತಿ ಮೀರಿದ ಬಿಸಿಯಲ್ಲಿ. ಶೌಚಾಲಯವಿಲ್ಲದ ಇಂಥ ಕಡೆ ಹೆಂಗಸರು ಬಾಯಾರಿದರೂ ನೀರು ಕುಡಿಯದೆ ತಡೆದುಕೊಳ್ಳುತ್ತಾರೆ.