ಗಾಜಿನ ನಾದವೂ ಹಂಪೆಯ ಶಿಲಾನಾದವೂ

ಗಾಜಿನ ಬಟ್ಟಲಿನ ಅಂಚನ್ನು ಒದ್ದೆಬೆರಳಿನಿಂದ ಮೆಲ್ಲನೆ ಸವರಿದರೆ ಇಂಪಾದ ದನಿಯೊಂದು ಏಳುವುದನ್ನು ನಾವು ಬಲ್ಲೆವು. ಬೆರಳು ಗಾಜಿಗೆ ಅಂಟಿ, ಜಾರಿ, ಮತ್ತೆ ಅಂಟುತ್ತಿರಲು ಬಟ್ಟಲಿನ ಬಾಯಿ ಸೆಕೆಂಡಿಗೆ ನೂರಾರು ಬಾರಿ ಕಾಣದಷ್ಟು ಬಾಗಿ ಮರಳುವುದು. ಆ ಕಂಪನವೇ ನಾದ. ಬೆಂಜಮಿನ್ ಫ್ರಾಂಕ್ಲಿನ್ನನು 1761ರಲ್ಲಿ ಇಂತಹ ಬಟ್ಟಲುಗಳನ್ನು ತಿರುಗುವ ಅಚ್ಚಿಗೆ ಪೋಣಿಸಿ ಒಂದು ವಾದ್ಯವನ್ನೇ ರಚಿಸಿದನು. ನಮ್ಮ ಜಲತರಂಗದ ಪಿಂಗಾಣಿ ಬಟ್ಟಲುಗಳೂ ಇದೇ ಕುಲದವು. ಅಲ್ಲಿ ಸವರುವುದಕ್ಕೆ ಬದಲು ಕಡ್ಡಿಯಿಂದ ತಟ್ಟುವರು; ನೀರು ಹೆಚ್ಚಿದಂತೆ ಶ್ರುತಿ ಇಳಿಯುವುದು.

ಗಾಜಿನಂತೆಯೇ ಕಗ್ಗಲ್ಲೂ ಹಾಡಬಲ್ಲುದೆಂಬುದಕ್ಕೆ ಹಂಪೆಯ ವಿಠ್ಠಲ ದೇವಾಲಯವೇ ಸಾಕ್ಷಿ. ಅಲ್ಲಿಯ ಮಹಾಮಂಟಪದ ತೆಳುಗಂಬಗಳ ಖ್ಯಾತಿಯು ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಜನಕ್ಕೆ ಚಿರಪರಿಚಿತವಾದುದು. ಕಂಬಗಳು ಒಳಗೆ ಟೊಳ್ಳಾಗಿರುವುದರಿಂದ ನುಡಿಯುತ್ತವೆಂದು ಹಲವರು ನಂಬಿರುವುದುಂಟು. ಆದರೆ ಕಲ್ಪಾಕಂನ ವಿಜ್ಞಾನಿಗಳು ಕಲ್ಲಿಗೆ ಕೇಡಾಗದಂತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಲೇಖನದಿಂದ ಅವು ಗಟ್ಟಿಗಲ್ಲೇ ಎಂಬುದು ತಿಳಿದುಬಂದಿತು. ತಟ್ಟಿದಾಗ ಕಂಬವು ಬಿಲ್ಲಿನಂತೆ ಬಾಗಿ ಬಾಗಿ ಕಂಪಿಸುವುದೇ ಈ ಸ್ವರಗಳ ಮೂಲ.

ವೀಣೆಯ ತಂತಿಯ ಶ್ರುತಿಯನ್ನು ಬಿಗಿದು ಏರಿಸಬಹುದು, ಕಲ್ಲುಕಂಬವನ್ನು ಬಿಗಿಯುವುದೆಂತು? ಅದರ ಶ್ರುತಿಯು ಉದ್ದವನ್ನೂ ದಪ್ಪವನ್ನೂ ಶಿಲೆಯ ಬಿರುಸನ್ನೂ ಅವಲಂಬಿಸಿದೆ. ದಪ್ಪವು ಇಮ್ಮಡಿಯಾದರೆ ಕಂಪನಸಂಖ್ಯೆಯೂ ಸುಮಾರು ಇಮ್ಮಡಿಯಾಗುವುದು. ಉದ್ದವು ಇಮ್ಮಡಿಯಾದರೆ ಅದು ಕಾಲುಭಾಗಕ್ಕೆ ಇಳಿಯುವುದು. ಗಾಜಿನಲ್ಲಿಯೂ ಒಳ್ಳೆಯ ಕಣಶಿಲೆಯಲ್ಲಿಯೂ ಒಳಘರ್ಷಣೆ ಅಲ್ಪವಾದುದರಿಂದ ನಾದವು ಕೂಡಲೆ ಅಡಗದೆ ಕೊಂಚ ಹೊತ್ತು ನಿಲ್ಲುವುದು.

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವರಷ್ಟೆ. ಬಿರುಕುಬಿಟ್ಟ ಮಡಕೆ ಬೊದ್ದು ದನಿಗೈಯುವುದು. ಏಕೆಂದರೆ ಬಿರುಕಿನ ಎರಡು ಮೈಗಳೂ ಒಂದನ್ನೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುವುವು. ಕಂಬದ ಪಾಡೂ ಇದೇ. ಕುತೂಹಲದಿಂದ ಕೊಡುವ ಸಾವಿರಾರು ಪೆಟ್ಟುಗಳು ಕಲ್ಲಿನಲ್ಲಿ ಸೂಕ್ಷ್ಮವಾದ ಸೀಳುಗಳನ್ನು ಬೆಳೆಸಿದರೆ ಮೊದಲು ನಾದ ಕೆಡುವುದು, ಅನಂತರ ಕಂಬವೇ ಕೆಡುವುದು. ತಂತಿ ಹರಿದರೆ ಬೇರೊಂದನ್ನು ಕಟ್ಟಬಹುದು. ಹದಿನಾರನೆಯ ಶತಮಾನದ ಶಿಲ್ಪಿಯ ಕಂಬವನ್ನು ಮರಳಿ ಕಟ್ಟುವವರಾರು? ಆದುದರಿಂದಲೇ ಅವನ್ನು ತಟ್ಟುವುದಕ್ಕೆ ಈಗ ನಿಷೇಧವುಂಟು. ಈ ಮೌನವನ್ನು ನಾವು ನಷ್ಟವೆಂದು ಬಗೆಯಬೇಕಾಗಿಲ್ಲ. ನಾದವು ಕಲ್ಲಿನಲ್ಲಿ ಉಳಿದಿರುವುದಕ್ಕೆ ನಾವು ತೆರುವ ಬೆಲೆಯೇ ಅದು.