ಚಟಾಯಿ ಎಂಬ ಮಾತು

ಪಿ.ಯು.ಸಿ. ತರಗತಿಯಲ್ಲಿದ್ದಾಗ ಬರೆದ ಒಂದು ಪ್ರಬಂಧದಲ್ಲಿ, ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ಚಟಾಯಿ ಹಾಸಿ ಆಮೇಲೆ ನೀರು ಕೊಡುತ್ತಾರೆ ಎಂದು ನಾನು ಬರೆದಿದ್ದೆ. ಪುಸ್ತಕ ಮರಳಿ ಬಂದಾಗ 'ಚಟಾಯಿ'ಯ ಸುತ್ತ ಕೆಂಪು ಮಸಿಯ ಗೆರೆ. ಅದರ ಮೇಲೆ 'ಚಾಪೆ' ಎಂಬ ತಿದ್ದುಪಡಿ. ಪಕ್ಕದಲ್ಲಿ 'ಶುದ್ಧ ಕನ್ನಡ ಬರೆಯಿರಿ' ಎಂಬ ಸೂಚನೆ. ತಿದ್ದಿದವರ ಮೇಲೆ ನನಗೆ ಈಗ ಸಿಟ್ಟೇನೂ ಇಲ್ಲ. ಅಂದು ನಾಚಿದ್ದು ಮಾತ್ರ ನಿಜ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಆದುದರಿಂದ ನನ್ನ ಮಾತಿನಲ್ಲಿ ಯಾವುದು ಪುಸ್ತಕದ್ದು, ಯಾವುದು ಮನೆಯದು ಎಂದು ಬಿಡಿಸಿ ಹೇಳುವವರೂ ಇರಲಿಲ್ಲ. ಚಾಪೆಯನ್ನು ಪಾಠದಲ್ಲಿ ಓದಿದ್ದೆನೇ ಹೊರತು ಅದರ ಮೇಲೆ ಮಲಗಿರಲಿಲ್ಲ. ಹುಟ್ಟಿದಂದಿನಿಂದ ಮಲಗಿದ್ದು ಚಟಾಯಿಯ ಮೇಲೆಯೇ. ಆ ಕೆಂಪು ಗೆರೆಯ ದೆಸೆಯಿಂದ ಈ ಒಂದು ಸಾಮಾನಿನ ಹೆಸರುಗಳನ್ನು ಕೂಡಿಹಾಕುವ ಚಟ ನನಗೆ ಹತ್ತಿತು. ಹೀಗೆ ಕೂಡಿಸಿದ್ದನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಹರವುತ್ತಿದ್ದೇನೆ.

ನಮ್ಮದು ಔರಾದ ತಾಲೂಕಿನ ಒಂದು ಹಳ್ಳಿ. ಅರ್ಧ ಊರು ಮನೆಯಲ್ಲಿ ಮರಾಠಿ ಆಡುತ್ತದೆ, ಅರ್ಧ ಊರು ಕನ್ನಡ. ಸಂತೆಯಲ್ಲಿ ಎಲ್ಲರೂ ಎರಡನ್ನೂ ಆಡುತ್ತಾರೆ. ಚಟಾಯಿ ಎಂಬುದು ಮರಾಠಿಗೂ ಉರ್ದುವಿಗೂ ಹಿಂದಿಗೂ ಸಮಾನವಾದ ಮಾತು. ಅಲ್ಲಿಂದ ನಮ್ಮ ಕನ್ನಡಕ್ಕೆ ಬಂದು ಎಷ್ಟು ಕಾಲವಾಯಿತೋ, ನಮ್ಮ ಆಯಿಗೆ, ಎಂದರೆ ಅಪ್ಪನ ತಾಯಿಗೆ, ಅದು ಪರಭಾಷೆಯದು ಎಂದರೆ ನಗು ಬರುತ್ತದೆ. ಹಾಗಾದರೆ ತಿದ್ದಿದವರು ಬರೆದ ಚಾಪೆ ಕನ್ನಡಕ್ಕೆ ಮಾತ್ರ ಸೇರಿದ್ದೇ? ಬೀದರದಿಂದ ಜಹೀರಾಬಾದಿನ ಕಡೆಗೆ ಸ್ವಲ್ಪ ದೂರ ಹೋದರೆ ಸಾಕು, ತೆಲುಗಿನವರು ಅದನ್ನೇ 'ಚಾಪ' ಎನ್ನುತ್ತಾರೆ. ಅಂದರೆ ಚಾಪೆಯಲ್ಲಿ ತೆಲುಗಿಗೂ ಪಾಲುಂಟು, ಚಟಾಯಿಯಲ್ಲಿ ಮರಾಠಿಗೂ ಉರ್ದುವಿಗೂ ಪಾಲುಂಟು. ಹಳೆಯ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯನ್ನು 1956ರ ನವೆಂಬರ್ 1ರಂದು ಭಾಷೆಗೆ ತಕ್ಕಂತೆ ಹಂಚಿದರು. ಉದಗೀರ, ನಿಲಂಗಾ ಮೊದಲಾದವು ಮುಂಬಯಿ ರಾಜ್ಯದ ಕಡೆಗೆ, ಜಹೀರಾಬಾದು ಆಂಧ್ರದ ಕಡೆಗೆ, ಬೀದರ, ಭಾಲ್ಕಿ, ಔರಾದಗಳು ಅಂದಿನ ಮೈಸೂರು ರಾಜ್ಯಕ್ಕೆ. ಊರುಗಳನ್ನು ಹಂಚಿದಷ್ಟು ಸುಲಭವಾಗಿ ಮನೆಯೊಳಗಿನ ಸಾಮಾನುಗಳ ಹೆಸರುಗಳನ್ನು ಹಂಚಲಾಗಲಿಲ್ಲ.

ಆದರೆ ನನ್ನ ಆ ವಾಕ್ಯದಲ್ಲಿಯೇ ಕನ್ನಡದ ಸ್ವಂತ ಸೊತ್ತೊಂದಿತ್ತು. ಕೆಂಪು ಲೇಖನಿ ಅದನ್ನು ಮುಟ್ಟಿರಲಿಲ್ಲ, ನಾನೂ ಅದನ್ನು ಕಂಡಿರಲಿಲ್ಲ. ಅದು 'ಹಾಸು' ಎಂಬ ಧಾತು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದಂತೆ, ಹಳೆಯ 'ಪಾಸು' ಇಂದು 'ಹಾಸು' ಆಗಿದೆ. ತಮಿಳರು ಚಾಪೆಗೆ ಪಾಯ್ ಎನ್ನುತ್ತಾರೆ, ಮಲಯಾಳಿಗಳು ಪಾಯ ಎನ್ನುತ್ತಾರೆ. ಅವು ಇದೇ ಬಳಗದವು. ಅವರಲ್ಲಿ ವಸ್ತುವಿಗೆ ನಿಂತ ಹೆಸರು ನಮ್ಮಲ್ಲಿ ಕೆಲಸಕ್ಕೆ ನಿಂತಿತು. ಹಾಸಿದ್ದು ಹಾಸಿಗೆ, ನೆಲಕ್ಕೆ ಹಾಸಿದ ಕಲ್ಲು ಹಾಸುಗಲ್ಲು, ನೇಕಾರನ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು ಹಾಸು, ಅದರಲ್ಲಿ ಅಡ್ಡಕ್ಕೆ ಹೋಗುವುದು ಹೊಕ್ಕು. ಒಂದು ಸಂಗತಿ ಜೀವನದಲ್ಲಿ ಹಾಸುಹೊಕ್ಕಾಗಿದೆ ಎಂದು ನಮ್ಮ ಭಾಷಣಕಾರರು ಹೇಳುವಾಗ ಅವರಿಗೆ ಅರಿವಿಲ್ಲದೆಯೇ ಮಗ್ಗದ ಮುಂದೆ ಕುಳಿತಿರುತ್ತಾರೆ. ಬೇನೆಯಿಂದ ಏಳಲಾರದವನು ಹಾಸಿಗೆ ಹಿಡಿದನು ಎನ್ನುತ್ತೇವೆ. ಅವನು ಹಿಡಿದದ್ದು ಬರಿಯ ಚಟಾಯಿಯಾಗಿದ್ದರೂ ಸರಿಯೆ.

ನಮ್ಮ ಕಡೆಯ ಮನೆಗಳಿಗೆ ಹಾಸುವ ಕಲ್ಲನ್ನು ಪರಸಿ ಎನ್ನುತ್ತಾರಷ್ಟೆ. ಇದು ಅರಬ್ಬಿಯ 'ಫರ್ಶ್'. ಅದರ ಅರ್ಥವೂ ಹಾಸಿದ್ದು, ನೆಲದ ಹಾಸು ಎಂದೇ. ಕನ್ನಡದ ಹಾಸುಗಲ್ಲಿಗೂ ಅರಬ್ಬಿಯ ಪರಸಿಗೂ ಅರ್ಥದಲ್ಲಿ ಎಳ್ಳಷ್ಟೂ ಅಂತರವಿಲ್ಲ.

ಚಟಾಯಿ ಆಗುವ ಬಗೆಯನ್ನು ಹೇಳದೆ ಹೆಸರುಗಳನ್ನಷ್ಟೇ ಹೇಳುತ್ತ ಹೋದರೆ ಆಯಿ ನನ್ನನ್ನು ಕ್ಷಮಿಸಲಾರಳು. ಪುಸ್ತಕದಲ್ಲಿ ಈಚಲು ಎಂದು ಬರೆಯುವ ಗಿಡಕ್ಕೆ ನಮ್ಮಲ್ಲಿ ಸಿಂದಿ ಎಂದು ಹೆಸರು. ಹಳ್ಳದ ದಂಡೆಯ ಸಿಂದಿಯ ಗರಿಗಳನ್ನು ಕೊಯ್ದು ತಂದು ಬಿಸಿಲಿಗೆ ಒಣಗಿಸಬೇಕು. ಒಣಗಿದ ಎಲೆಗಳನ್ನು ಬಿಡಿಸಿ, ಮುಳ್ಳು ತೆಗೆದು, ಸಮನಾಗಿ ಸೀಳಿ, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಆಯಿ ಹೆಣೆಯಲು ಕೂಡುತ್ತಿದ್ದುದು ನಸುಕಿನಲ್ಲಿ. ಬಿಸಿಲೇರಿದ ಮೇಲೆ ಎಲೆ ಬಿರುಸಾಗಿ ಮುರಿಯುತ್ತದೆ, ಬೆರಳನ್ನೂ ಕೊಯ್ಯುತ್ತದೆ ಎನ್ನುತ್ತಿದ್ದಳು. ಇಡೀ ಚಟಾಯಿಯನ್ನು ಒಮ್ಮೆಲೇ ಹೆಣೆಯುವುದಿಲ್ಲ. ಗೇಣಿಗಿಂತ ಕಡಿಮೆ ಅಗಲದ ಒಂದೇ ಪಟ್ಟಿಯನ್ನು ಮಾರುಗಟ್ಟಲೆ ಉದ್ದ ಹೆಣೆಯುತ್ತ ಹೋಗಿ, ಸುರುಳಿ ಸುತ್ತಿಟ್ಟು, ಕೊನೆಗೆ ಬೇಕಾದ ಅಳತೆಗೆ ಕತ್ತರಿಸಿ, ಪಟ್ಟಿಗೆ ಪಟ್ಟಿ ಜೋಡಿಸಿ ಹೊಲಿಯುತ್ತಾರೆ. ಹೊಲಿಗೆ ಕಾಣಿಸಿದರೆ ಅದು ಹೆಂಗಸಿನ ಸೋಮಾರಿತನ ಎಂದು ಅವಳ ತೀರ್ಪು. ಸಂಸ್ಕೃತ ವ್ಯಾಕರಣದಲ್ಲಿ ಕರ್ಮಕ್ಕೆ ಉದಾಹರಣೆಯಾಗಿ ಚಾಪೆ ಮಾಡುವವನ ವಾಕ್ಯ ಬರುತ್ತದೆಂದೂ, ಚಾಪೆಗೆ ಅಲ್ಲಿ 'ಕಟ' ಎಂಬ ಹೆಸರಿದೆಯೆಂದೂ ತರಗತಿಯಲ್ಲಿ ಕೇಳಿ ಬಂದು ಅವಳಿಗೆ ಹೇಳಿದೆ. "ಅವ್ರು ಹೆಣಿಯೋದು ನೋಡ್ಯಾರೋ, ಹೆಣದಾರೋ?" ಎಂದು ಕೇಳಿದಳು.

ಆ ಚಟಾಯಿಯ ಉಪಯೋಗಗಳು ಒಂದೆರಡಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಶಾವಿಗೆ ಒಣಗುತ್ತದೆ, ಸುಗ್ಗಿಯಲ್ಲಿ ಕಾಳು ಒಣಗುತ್ತದೆ, ಬಾಣಂತಿ ಮಲಗುತ್ತಾಳೆ, ಬೀಗರು ಕುಳಿತು ಮದುವೆ ಮಾತಾಡುತ್ತಾರೆ. ಮನೆಯಲ್ಲಿ ಜಗಳವಾದ ದಿನ ಅಪ್ಪ ತನ್ನದನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಅಂಗಳಕ್ಕೆ ನಡೆಯುತ್ತಾನೆ.

ಇನ್ನು ಭಾಲ್ಕಿ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಅತ್ತೆಯ ಮನೆಯಲ್ಲಿ ಚಟಾಯಿ ಒಳಗಿನವರಿಗೆ. ಹೊರಗಿನಿಂದ ಬಂದವರಿಗೆ ಸತರಂಜಿ. ಇದು ಗೆರೆಗೆರೆಯ ದಪ್ಪ ನೂಲಿನ ಹಾಸು. ಏಳು ಬಣ್ಣದ್ದಾದ್ದರಿಂದ ಸತ್-ರಂಗಿ ಎಂದು ಅತ್ತೆಯ ವಾದ. ನಿಘಂಟುಗಳು ಬೇರೆಯೇ ಹೇಳುತ್ತವೆ. ಇದು ಶತರಂಜಿ, ಶತರಂಜ್ ಅಂದರೆ ಚದುರಂಗ, ಆ ಆಟದ ಹಾಸಿನಂತೆ ಮನೆಮನೆಯಾಗಿ ನೇಯ್ದದ್ದು ಎಂದು. ಶತರಂಜ್ ಎಂಬುದೂ ನಮ್ಮ ಚತುರಂಗವೇ ಪಾರಸಿ ಅರಬ್ಬಿಗಳ ದೇಶ ತಿರುಗಿ ಬಂದ ರೂಪ. ಆ ಆಟದಲ್ಲಿ ರಾಜನಿಗೆ ಉಪಾಯ ತೀರಿದಾಗ 'ಮಾತ್' ಎನ್ನುತ್ತಾರೆ. ಕನ್ನಡದ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಅತ್ತೆ ಮಾತಿಗೆ ನಿಂತರೆ ಎದುರಿನವರು ಮಾತ್ ಆಗುವುದು ಖಂಡಿತ. ನೂಲಿನ ಇಂಥ ಹಾಸುಗಳಿಗೆ ಜಮಖಾನೆ ಎಂಬ ಹೆಸರೂ ಇದೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ದೊರೆತಿದೆ.

ಪದವಿಯ ಓದಿಗೆಂದು ಬೀದರಕ್ಕೆ ಬಂದು ಹಳೆಯ ಊರಿನಲ್ಲಿ ಒಂದು ಖೋಲಿ ಹಿಡಿದ ಮೇಲೆ ನನ್ನ ಪಟ್ಟಿ ಉದ್ದವಾಯಿತು. ಈ ನಗರ 15ನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿಯಾಯಿತು. ಇರಾನಿನಿಂದ ಬಂದ ಸೂಫಿ ಮನೆತನದ ಖಲೀಲುಲ್ಲಾ ಅವರ ಚೌಖಂಡಿ ಅಷ್ಟೂರಿನ ಹಾದಿಯಲ್ಲಿ ಈಗಲೂ ನಿಂತಿದೆ. ಪಾರಸಿ ಇಲ್ಲಿ ದರಬಾರಿನ ಮಾತಾಗಿತ್ತು. ಮನೆಯ ಒಡತಿಯನ್ನು ನಾನು ಖಾಲಾ ಎಂದು ಕರೆಯುತ್ತೇನೆ. ಅವರ ಮನೆಯಲ್ಲಿ ನಮಾಜಿಗೆ ಹಾಸುವುದು ಜಾನಮಾಜ್. 'ಜಾ' ಎಂದರೆ ಸ್ಥಳ, ಒಟ್ಟು ನಮಾಜಿನ ಸ್ಥಳ. ಊಟಕ್ಕೆ ಹಾಸುವುದು ದಸ್ತರಖಾನ. ಗಿಡದ ಎಲೆಯಿಂದಲೋ ಹುಲ್ಲಿನಿಂದಲೋ ಹೆಣೆದದ್ದು ಬೋರಿಯಾ. ಮನೆ ಖಾಲಿ ಮಾಡಿ ಹೊರಡುವವನು ಬೋರಿಯಾ ಬಿಸ್ತರಾ ಕಟ್ಟಿದನು ಎಂದು ನಾವೂ ಹೇಳುತ್ತೇವಲ್ಲವೆ? ಆ ಬೋರಿಯಾ ಇದೇ.

ನನಗೆ ಬಹಳ ಹಿಡಿಸಿದ ಮಾತು ಬೇರೆ. ದರ್ಗಾದ ಮುಖ್ಯಸ್ಥರಿಗೆ ಸಜ್ಜಾದಾ ನಶೀನ್ ಎನ್ನುತ್ತಾರೆ. ಸಜ್ಜಾದಾ ಎಂದರೆ ಸಜದಾ ಮಾಡುವ ಹಾಸು, ಮಸ್ಜಿದ್ ಎಂಬುದೂ ಅದೇ ಧಾತುವಿನಿಂದ ಬಂದದ್ದು. ನಶೀನ್ ಎಂದರೆ ಕುಳಿತವನು. ಅಂದರೆ ಹಾಸಿನ ಮೇಲೆ ಕುಳಿತವರು ಎಂಬುದೇ ಅಲ್ಲಿ ಹಿರಿಯ ಪದವಿ. ಬೋರಿಯಾ ನಶೀನ್ ಎಂದರೆ ಹುಲ್ಲುಚಾಪೆಯ ಮೇಲೆ ಕುಳಿತವನು, ಫಕೀರ. ಗಾದಿ ಎಂದರೆ ಅರಳೆ ತುಂಬಿದ ಮೆತ್ತೆಯೂ ಹೌದು, ರಾಜನ ಸಿಂಹಾಸನವೂ ಹೌದು. ಮನುಷ್ಯ ಯಾರೆಂಬುದನ್ನು ಅವನ ಕೆಳಗೆ ಏನಿದೆ ಎಂಬುದರ ಮೇಲೆ ಹೇಳುವುದು ಹಳೆಯ ಕ್ರಮವೆಂದು ತೋರುತ್ತದೆ.

ಇದನ್ನು ನಾನು ನಿಘಂಟಿಗಿಂತ ಮೊದಲು ಒಂದು ಪಡಸಾಲೆಯಲ್ಲಿ ಕಲಿತಿದ್ದೆ. ನಮ್ಮಪ್ಪ ವರುಷಕ್ಕೆ ಇಷ್ಟು ಎಂದು ಒಬ್ಬರ ಹೊಲದ ಕೆಲಸಕ್ಕೆ ನಿಂತವನು. ಆ ಮನೆಯ ಪಡಸಾಲೆಯಲ್ಲಿ ಬೀಗರಿಗೆ, ಅಧಿಕಾರಿಗಳಿಗೆ ಸತರಂಜಿ. ಊರ ಸರೀಕರಿಗೆ ಚಟಾಯಿ. ಅಪ್ಪನಿಗೆ ಕಂಬದ ಪಕ್ಕದಲ್ಲಿ ಮಡಿಚಿದ ಒಂದು ಗೋಣಿತಟ್ಟು. ಅದನ್ನು ಯಾರೂ ಅವನಿಗೆ ಹಾಸುತ್ತಿರಲಿಲ್ಲ. ತಾನೇ ಎಳೆದುಕೊಂಡು ಕೂಡಬೇಕು, ಏಳುವಾಗ ತಾನೇ ಮಡಿಚಿಡಬೇಕು. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ ಆ ಮನೆಗೆ ಜಮೀನಿನ ಸಂಬಂಧದ ಒಂದು ನೋಟೀಸು ಬಂತು. ಯಜಮಾನರು ಓದಿದ್ದು ಮರಾಠಿ ಶಾಲೆಯಲ್ಲಿ. ನೋಟೀಸು ಇದ್ದದ್ದು ಕನ್ನಡದಲ್ಲಿ. "ನಿನ್ನ ಮಗನಿಗೆ ಕರಕೊಂಡು ಬಾ" ಎಂದು ಅಪ್ಪನಿಗೆ ಹೇಳಿಕಳಿಸಿದರು.

ಹೋದೆವು. ಯಜಮಾನರು ಒಳಗೆ ನೋಡಿ, "ಚಟಾಯಿ ಹಾಸ್ರಿ" ಎಂದರು. ಚಟಾಯಿ ಬಂತು, ಬಿಚ್ಚಿಕೊಂಡಿತು. ಇಬ್ಬರು ಧಾರಾಳವಾಗಿ ಕೂಡುವಷ್ಟು ಅಗಲವಿತ್ತು. ನಾನು ಅಪ್ಪನ ಮುಖ ನೋಡಿದೆ. ಅವನು ಆಗಲೇ ಕಂಬದ ಹತ್ತಿರ ಹೋಗಿ ಗೋಣಿತಟ್ಟು ಎಳೆದುಕೊಂಡಿದ್ದ. ಕೂಡು ಎಂದು ಕಣ್ಣಿನಿಂದಲೇ ಹೇಳಿದ. ಕುಳಿತೆ. ನೋಟೀಸನ್ನು ಎರಡು ಸಲ ಓದಿ ಅರ್ಥ ಹೇಳಿದೆ, ಉತ್ತರವನ್ನೂ ಬರೆದುಕೊಟ್ಟೆ. ಅಷ್ಟು ಹೊತ್ತೂ ನನ್ನ ಕಾಲಿನ ಕೆಳಗಿದ್ದ ಹೆಣಿಗೆಯನ್ನು ನೋಡುತ್ತಿದ್ದೆ. ಪಟ್ಟಿಗಳ ಹೊಲಿಗೆ ಕಾಣಿಸುತ್ತಿರಲಿಲ್ಲ. ಅದು ಆಯಿಯ ಕೈಯದೋ ಏನೋ. ಆ ಮನೆಗೆ ಅವಳು ಎಷ್ಟೋ ಚಟಾಯಿ ಹೆಣೆದುಕೊಟ್ಟಿದ್ದುಂಟು. ಮರಳಿ ಬರುವಾಗ ದಾರಿಯಲ್ಲಿ ನಾನು ಮಾತಾಡಲಿಲ್ಲ. ಅಪ್ಪನೇ ಅಂದ: "ನಿನಗ ಚಟಾಯಿ ಹಾಸಿದ್ರು, ನೋಡ್ದಿ?" ಅವನ ದನಿಯಲ್ಲಿದ್ದುದು ಬರೀ ಹಿಗ್ಗು. ನನಗೆ ಏನನ್ನಬೇಕೋ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಇರಲಿ. ಈಗ ಅಂಗಡಿಗಳಲ್ಲಿ ನಡೆಯುವ ಹೆಸರು ಮ್ಯಾಟು. ಬಾಗಿಲಿಗೆ ಡೋರ್‌ಮ್ಯಾಟ್, ಯೋಗಕ್ಕೆ ಯೋಗಾ ಮ್ಯಾಟ್, ಜಾತ್ರೆಯ ಮಣ್ಣಿನ ಕುಸ್ತಿಗೆ ಎದುರಾಗಿ ಮ್ಯಾಟ್ ಕುಸ್ತಿ. ಇದು ಅಚ್ಚ ಇಂಗ್ಲಿಷು ಎಂದು ತಿಳಿದವರು ನಿಘಂಟನ್ನು ತೆರೆದು ನೋಡಬೇಕು. ಇಂಗ್ಲಿಷರು ಇದನ್ನು ಲ್ಯಾಟಿನ್ನಿನ 'ಮತ್ತಾ'ದಿಂದ ಪಡೆದರು. ಲ್ಯಾಟಿನ್ನಿನವರು ಇದನ್ನು ಫಿನೀಷಿಯನ್ ವರ್ತಕರ ಭಾಷೆಯಿಂದ ಪಡೆದಿರಬೇಕೆಂದು ವಿದ್ವಾಂಸರ ಮತ. ಹೀಬ್ರೂವಿನಲ್ಲಿ ಹಾಸಿಗೆಗೆ 'ಮಿತ್ತಾ' ಎಂಬ ಮಾತಿದೆ. ಮ್ಯಾಟ್ರೆಸ್ ಎಂಬುದು ಮ್ಯಾಟಿನ ಅಕ್ಕನಂತೆ ಕಂಡರೂ ಬೇರೆ ಮನೆಯವಳು. ಅದು ಅರಬ್ಬಿಯ 'ಮತ್‌ರಹ್', ಅಂದರೆ ಏನನ್ನಾದರೂ ಒಗೆಯುವ ಜಾಗ. ನೆಲದ ಮೇಲೆ ಮೆತ್ತೆ ಒಗೆದು ಒರಗುವ ಪದ್ಧತಿಯಿಂದ ಹುಟ್ಟಿದ ಮಾತು ಇಟಲಿ, ಫ್ರಾನ್ಸುಗಳ ಮೂಲಕ ಇಂಗ್ಲೆಂಡಿಗೆ ಹೋಯಿತು. ಶುದ್ಧ ಇಂಗ್ಲಿಷ್ ಬರೆಯಿರಿ ಎಂದು ಅಲ್ಲಿನ ಹುಡುಗರ ಪುಸ್ತಕದಲ್ಲಿ ಯಾರಾದರೂ ಗೆರೆ ಎಳೆಯಹೊರಟರೆ ಅವರು ಮಲಗಲು ಒಂದು ಮಾತೂ ಉಳಿಯಲಿಕ್ಕಿಲ್ಲ.

ಗಾದೆಗಳನ್ನು ನೋಡಿದರೆ ನಮ್ಮ ಮೂರು ಭಾಷೆಗಳು ಒಂದೇ ಮನೆಯಲ್ಲಿ ಮಲಗಿರುವುದು ಇನ್ನೂ ಸ್ಪಷ್ಟವಾಗುತ್ತದೆ. ನಾವು ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಮರಾಠಿಯಲ್ಲಿ ಅಂಥರೂಣ ಪಾಹೂನ ಪಾಯ ಪಸರಾವೇ. ಅಂಥರೂಣವೂ ಹಾಸಿದ್ದು ಎಂಬ ಅರ್ಥದ್ದೇ. ಖಾಲಾ ಹೇಳುವುದು, ಜಿತ್ನೀ ಚಾದರ್ ಉತ್ನೇ ಪಾಂವ್. ಇಲ್ಲಿ ಮಾತ್ರ ಅಳತೆ ಕೆಳಗಿನ ಹಾಸಿನದಲ್ಲ, ಮೇಲೆ ಹೊದೆಯುವ ಚಾದರಿನದು. ನನ್ನ ಮಟ್ಟಿಗೆ ಉರ್ದುವಿನದೇ ಹೆಚ್ಚು ಸರಿ. ಚಟಾಯಿಯಿಂದ ಕಾಲು ಹೊರಗೆ ಹೋದರೆ ನೆಲ ಇದ್ದೇ ಇದೆ. ಬೀದರದ ಡಿಸೆಂಬರದ ಚಳಿಯಲ್ಲಿ ಚಾದರಿನಿಂದ ಕಾಲು ಹೊರಗೆ ಹೋದರೆ ಗತಿಯಿಲ್ಲ. ಚಾಪೆಯ ಕೆಳಗೆ ನುಸುಳುವವನಿಗೆ ರಂಗೋಲಿಯ ಕೆಳಗೆ ನುಸುಳುವವನು ಸಿಗುತ್ತಾನೆ ಎಂಬ ಚತುರ ಗಾದೆಯನ್ನು ಮಾತ್ರ ನಾನು ಪುಸ್ತಕದಲ್ಲಿಯೇ ಕಂಡದ್ದು. ನಮ್ಮೂರಲ್ಲಿ ಅದನ್ನು ಚಟಾಯಿ ಹಾಕಿ ಹೇಳಿದವರನ್ನು ಕೇಳಿಲ್ಲ.

ಆಯಿಗೆ ಈಗ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಮನೆಯಲ್ಲಿ ಸಂತೆಯಿಂದ ತಂದ ಪ್ಲಾಸ್ಟಿಕ್ಕಿನ ಚಟಾಯಿ ಬಂದಿದೆ. ಹಗುರ, ತೊಳೆದರೆ ಒಣಗುತ್ತದೆ, ಅದರಲ್ಲಿ ನವಿಲಿನ ಚಿತ್ರವೂ ಇದೆ. ಅವಳು ಕೊನೆಗೆ ಹೆಣೆದದ್ದು ಬೀದರದ ನನ್ನ ಖೋಲಿಯಲ್ಲಿದೆ. ಹೋದ ರಂಜಾನಿನಲ್ಲಿ ಒಂದು ಸಂಜೆ ಖಾಲಾ ಅವರ ಮನೆಗೆ ಇಫ್ತಾರಿಗೆ ಹೆಚ್ಚು ಮಂದಿ ಬಂದರು. "ಬೇಟಾ, ತುಮ್ಹಾರಾ ಬೋರಿಯಾ ದೇವ್" ಎಂದು ಕೇಳಿ ಕೊಂಡೊಯ್ದು, ಅದನ್ನು ಅಂಗಳದಲ್ಲಿ ಹಾಸಿ, ಅದರ ಮೇಲೆ ದಸ್ತರಖಾನ ಹಾಸಿದರು. ನನ್ನನ್ನೂ ಅದರ ಮೇಲೆಯೇ ಕೂಡಿಸಿಕೊಂಡರು. ರಾತ್ರಿ ಫೋನಿನಲ್ಲಿ ಆಯಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಯಾರು ಬಂದಿದ್ದರು, ಏನು ಉಂಡೆವು ಎಂದು ಅವಳು ಕೇಳಲಿಲ್ಲ.

"ಹಸಿ ನೆಲದ ಮ್ಯಾಲ ಹಾಸಿಲ್ಲ, ಹೌದಲ್ಲೋ?" ಎಂದಳು.