ಒಡಂಬಡಿಕೆಯ ಸಭಾಪಾಲಕ: ವಿಲಿಯಂ ಕೇರಿಯವರ ನಂಬಿಕೆ, ಬದುಕು ಮತ್ತು ಸಭಾನಾಯಕತ್ವ

ಭಾರತದಲ್ಲಿ ಕ್ರೈಸ್ತ ಮಿಷನರಿಗಳನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ಮುಖ್ಯವಾಗಿ ಎರಡು ನೆಲೆಗಳನ್ನು ಗುರುತಿಸಬಹುದು. ನಿಘಂಟು, ವ್ಯಾಕರಣ, ಮುದ್ರಣ, ಶಿಕ್ಷಣ ಕ್ಷೇತ್ರಗಳಿಗೆ ಅವರು ಸಲ್ಲಿಸಿದ ಸೇವೆಯನ್ನು ಕುರಿತದ್ದು ಮೊದಲನೆಯದು. ಮತಾಂತರ ಮತ್ತು ವಸಾಹತುಶಾಹಿಯ ಹಿನ್ನೆಲೆಯಲ್ಲಿ ಅವರನ್ನು ವಿಮರ್ಶಿಸುವುದು ಎರಡನೆಯದು. ಇವೆರಡರ ನಡುವೆ ಮಿಷನರಿಯ ಮೂಲ ವೃತ್ತಿಯಾದ ಸಭಾಪಾಲನೆ ಮರೆಯಾಗಿಬಿಡುತ್ತದೆ. ಆತ ತನ್ನ ಸಭೆಯನ್ನು ಹೇಗೆ ಕಟ್ಟಿದ, ಅಧಿಕಾರವನ್ನು ಎಲ್ಲಿಂದ ಪಡೆದ, ಆ ಅಧಿಕಾರಕ್ಕೆ ಯಾವ ಕಟ್ಟುಪಾಡು ವಿಧಿಸಿಕೊಂಡ ಎಂಬ ಪ್ರಶ್ನೆಗಳು ಜಾನಪದ ಅಧ್ಯಯನಕ್ಕೂ ಮಹತ್ವದವು. ಏಕೆಂದರೆ ಹೊಸ ಮತವೊಂದು ಜನಸಮುದಾಯದೊಳಗೆ ಕಾಲಿಡುವುದು ಸಿದ್ಧಾಂತದ ಮೂಲಕವಲ್ಲ. ಹೆಸರು, ಊಟ, ಮದುವೆ, ಶವಸಂಸ್ಕಾರಗಳ ಮೂಲಕ.

ವಿಲಿಯಂ ಕೇರಿ (1761-1834) ಕನ್ನಡ ವಿದ್ವತ್ ವಲಯಕ್ಕೆ ಪರಿಚಿತರಾಗಿರುವುದು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣದ ಕರ್ತೃವಾಗಿ. ಆದರೆ ಅವರು ಮೊದಲಿಗೆ ಹಾಗೂ ಕೊನೆಯವರೆಗೆ ಬ್ಯಾಪ್ಟಿಸ್ಟ್ ಸಭಾಪಾಲಕರು. ಆ ನೆಲೆಯಿಂದ ಅವರ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಸುಬಿನ ಅಂಗಡಿಯಿಂದ ಸಭೆಯ ಕಡೆಗೆ

ಕೇರಿ ಜನಿಸಿದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಪ್ರಾಂತದ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ, 1761ರ ಆಗಸ್ಟ್ 17ರಂದು. ತಂದೆ ಎಡ್ಮಂಡ್ ಕೇರಿ ನೇಕಾರರಾಗಿದ್ದು, ಅನಂತರ ಊರ ಶಾಲೆಯ ಉಪಾಧ್ಯಾಯರೂ ಆಂಗ್ಲಿಕನ್ ಚರ್ಚಿನ ಗುಮಾಸ್ತರೂ ಆದರು. ಹದಿನಾಲ್ಕರ ಹರೆಯದಲ್ಲಿ ಬಾಲಕ ವಿಲಿಯಂ ಪಿಡಿಂಗ್ಟನ್ ಗ್ರಾಮದ ಪಾದರಕ್ಷೆ ತಯಾರಕರೊಬ್ಬರ ಬಳಿ ಕಸುಬು ಕಲಿಯಲು ಸೇರಿದರು. ಅಲ್ಲಿ ಜೊತೆಗಿದ್ದ ಜಾನ್ ವಾರ್ ಎಂಬ ಯುವಕ ರಾಜಮಾನ್ಯ ಚರ್ಚಿನಿಂದ ದೂರ ಉಳಿದಿದ್ದ ಭಿನ್ನಮತೀಯರ ಗುಂಪಿಗೆ ಸೇರಿದವನು. ಚರ್ಮ ಹೊಲಿಯುತ್ತಲೇ ಇಬ್ಬರ ನಡುವೆ ನಡೆದ ವಾಗ್ವಾದಗಳು ಕೇರಿಯವರ ಅಂತರಂಗವನ್ನು ಕಲಕಿದವು. ಕೊನೆಗೆ 1783ರ ಅಕ್ಟೋಬರ್ 5ರಂದು ನೆನ್ ನದಿಯಲ್ಲಿ ಕಿರಿಯ ಜಾನ್ ರೈಲಂಡ್ ಅವರಿಂದ ಕೇರಿ ದೀಕ್ಷಾಸ್ನಾನ ಪಡೆದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರ ವಿಶ್ವಾಸವು ರೂಪುಗೊಂಡಿದ್ದು ದೇವಶಾಸ್ತ್ರದ ವಿದ್ಯಾಲಯದಲ್ಲಲ್ಲ, ಕಸುಬುದಾರರ ನಡುವಿನ ಮಾತುಕತೆಯಲ್ಲಿ. 1785ರಲ್ಲಿ ಮೌಲ್ಟನ್ ಗ್ರಾಮದ ಬಡ ಸಭೆಯ ಹೊಣೆ ಹೊತ್ತಾಗಲೂ ಶಾಲೆ ನಡೆಸುವುದು, ಮೆಟ್ಟು ಹೊಲಿಯುವುದು ಅವರಿಗೆ ತಪ್ಪಲಿಲ್ಲ. ಮುಂದೆ ಭಾರತದಲ್ಲಿ, ಔತಣವೊಂದರಲ್ಲಿ ಅಧಿಕಾರಿಯೊಬ್ಬರು 'ಇವರು ಹಿಂದೆ ಪಾದರಕ್ಷೆ ತಯಾರಿಸುತ್ತಿದ್ದವರಲ್ಲವೆ' ಎಂದು ಕೇಳಿದಾಗ, ತಾನು ಹಳೆಯ ಪಾದರಕ್ಷೆ ರಿಪೇರಿ ಮಾಡುತ್ತಿದ್ದವನಷ್ಟೇ ಎಂದು ಕೇರಿ ತಿದ್ದಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಚರ್ಮದ ಕೆಲಸವನ್ನು ಮೈಲಿಗೆಯೆಂದು ಬಗೆಯುವ ಸಮಾಜದ ನಡುವೆ ನಿಂತು ಆಡಿದ ಈ ಮಾತಿಗೆ ಇಂಗ್ಲೆಂಡಿನಲ್ಲಿ ಇರದಿದ್ದ ಅರ್ಥವೊಂದು ಸೇರಿಕೊಳ್ಳುತ್ತದೆ.

ನಂಬಿಕೆಯ ತಿರುಳು

ಬ್ಯಾಪ್ಟಿಸ್ಟ್ ಪಂಥದ ಮುಖ್ಯ ನಂಬಿಕೆಗಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಹುಟ್ಟಿನಿಂದ ಯಾರೂ ಕ್ರೈಸ್ತರಲ್ಲ. ಸ್ವಂತ ವಿಶ್ವಾಸವನ್ನು ಬಾಯಿಬಿಟ್ಟು ಅರಿಕೆಮಾಡಿದವರಿಗೆ ಮಾತ್ರ, ಪೂರ್ಣವಾಗಿ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡತಕ್ಕದ್ದು. ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರ. ಅದರ ಮೇಲೆ ಬಿಷಪ್ಪನಾಗಲಿ ಅರಸನಾಗಲಿ ಇಲ್ಲ. ಸಭಾಪಾಲಕರನ್ನೂ ಸಭಾಸೇವಕರನ್ನೂ ಆರಿಸುವವರು ಸಭೆಯ ಸದಸ್ಯರೇ. ಈ ಸದಸ್ಯರು ಪರಸ್ಪರ ಮಾಡಿಕೊಳ್ಳುವ ಒಡಂಬಡಿಕೆಯೇ ಸಭೆಯ ತಳಹದಿ.

ಕೇರಿ ಸೇರಿದ್ದು ಈ ಪಂಥದೊಳಗಿನ ಕ್ಯಾಲ್ವಿನ್‌ವಾದಿ ಶಾಖೆಯನ್ನು. ರಕ್ಷಣೆಗೆ ಯಾರನ್ನು ಆರಿಸಬೇಕೆಂಬುದು ದೇವರ ಚಿತ್ತವಾದ್ದರಿಂದ ಮನುಷ್ಯಪ್ರಯತ್ನ ಅನಗತ್ಯವೆಂಬ ಉಗ್ರವಾದ ಆ ಶಾಖೆಯಲ್ಲಿ ಬೇರೂರಿತ್ತು. 1785ರಲ್ಲಿ ಪ್ರಕಟವಾದ ಆಂಡ್ರ್ಯೂ ಫುಲ್ಲರ್ ಅವರ ಗ್ರಂಥವು ಸುವಾರ್ತೆಯನ್ನು ಎಲ್ಲರಿಗೂ ಸಾರುವುದು ಕರ್ತವ್ಯವೆಂದು ವಾದಿಸಿತು. ಕೇರಿ 1792ರ ಮೇ ತಿಂಗಳಲ್ಲಿ ಪ್ರಕಟಿಸಿದ 'ಎನ್‌ಕ್ವೈರಿ' ಎಂಬ ಕಿರುಪುಸ್ತಕದಲ್ಲಿ ಅದೇ ತರ್ಕವನ್ನು ಜಗತ್ತಿಗೆಲ್ಲ ಅನ್ವಯಿಸಿ, ದೇಶಗಳ ವಿಸ್ತೀರ್ಣ, ಜನಸಂಖ್ಯೆ, ಮತಗಳ ಕೋಷ್ಟಕಗಳನ್ನು ಕೊಟ್ಟರು. ಅದೇ ವರ್ಷದ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದಲ್ಲಿ ವಿಧವೆಯೊಬ್ಬರ ಮನೆಯಲ್ಲಿ ಸೇರಿದ ಕೆಲವರು ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಸ್ಥಾಪಿಸಿದರು. ಅಂದು ಬರೆಸಿದ ವಂತಿಗೆಯ ಮೊತ್ತ 13 ಪೌಂಡು, 2 ಷಿಲಿಂಗು, 6 ಪೆನ್ಸು.

ಸಭೆಯನ್ನು ವಿಸರ್ಜಿಸಿದ ಪಾಲಕ

ಕೇರಿಯವರ ನಾಯಕತ್ವದ ಸ್ವರೂಪವು ಮೊದಲು ಸ್ಪಷ್ಟವಾಗಿ ಕಾಣುವುದು ಲೆಸ್ಟರ್ ಪಟ್ಟಣದಲ್ಲಿ. 1789ರಲ್ಲಿ ಅವರು ಅಲ್ಲಿನ ಹಾರ್ವೆ ಲೇನ್ ಸಭೆಗೆ ಬಂದಾಗ ಅದು ಒಳಜಗಳಗಳಿಂದ, ಕೆಲವು ಸದಸ್ಯರ ಶಿಥಿಲ ನಡತೆಯಿಂದ ಹದಗೆಟ್ಟಿತ್ತು. ಕೃಪೆಗೆ ಪಾತ್ರರಾದವರಿಗೆ ನೀತಿನಿಯಮದ ಹಂಗಿಲ್ಲ ಎಂಬ ವಾದವೂ ಅಲ್ಲಿ ಹಬ್ಬಿತ್ತು. ತಪ್ಪಿತಸ್ಥರನ್ನು ಒಬ್ಬೊಬ್ಬರಾಗಿ ಹೊರಹಾಕುವ ಬದಲು, 1790ರಲ್ಲಿ ಇಡೀ ಸಭೆಯನ್ನೇ ವಿಸರ್ಜಿಸಿ, ಹೊಸ ಒಡಂಬಡಿಕೆಯ ಶಿಸ್ತಿಗೆ ಒಪ್ಪಿ ಸಹಿಹಾಕುವವರಿಂದ ಅದನ್ನು ಪುನಃ ಕಟ್ಟುವ ಮಾರ್ಗವನ್ನು ಕೇರಿ ಹಿಡಿದರು. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಿರ್ಣಯಿಸಿದ್ದು ಪಾಲಕರ ಅಪ್ಪಣೆಯಲ್ಲ. ಪ್ರತಿಯೊಬ್ಬರೂ ತಾವೇ ಕೊಟ್ಟ ಮಾತು. ಇಕ್ಕಟ್ಟಿನ ಸಂದರ್ಭದಲ್ಲಿ ಲಿಖಿತ ಒಡಂಬಡಿಕೆಗೆ ಮರಳುವ ಈ ಕ್ರಮವೇ ಮುಂದೆ ಶ್ರೀರಾಮಪುರದಲ್ಲಿಯೂ ಕಾಣುತ್ತದೆ.

ಶ್ರೀರಾಮಪುರದ ಕೂಡುಬಾಳು

1793ರ ನವೆಂಬರಿನಲ್ಲಿ ಕೇರಿ ಕುಟುಂಬಸಮೇತರಾಗಿ ಕಲ್ಕತ್ತ ತಲಪಿದರು. ಈಸ್ಟ್ ಇಂಡಿಯಾ ಕಂಪನಿಯು ಮಿಷನರಿಗಳಿಗೆ ಅನುಮತಿ ಕೊಡುತ್ತಿರಲಿಲ್ಲವಾಗಿ, 1794ರಿಂದ ಮದನಾವತಿಯ ನೀಲಿ ಕಾರ್ಖಾನೆಯ ಮೇಲ್ವಿಚಾರಕರಾಗಿ ದುಡಿದರು. ಏಳು ವರ್ಷಗಳ ಕಾಲ ಬಂಗಾಳದವರೊಬ್ಬರೂ ಅವರಿಂದ ದೀಕ್ಷಾಸ್ನಾನ ಪಡೆಯಲಿಲ್ಲ. 1800ರ ಜನವರಿ 10ರಂದು ಅವರು ಡೇನಿಷ್ ಆಡಳಿತದ ಶ್ರೀರಾಮಪುರಕ್ಕೆ ಬಂದು, ಶಿಕ್ಷಕ ಜೋಶುವ ಮಾರ್ಷ್‌ಮನ್, ಮುದ್ರಕ ವಿಲಿಯಂ ವಾರ್ಡ್ ಅವರನ್ನು ಕೂಡಿಕೊಂಡರು.

ಅಲ್ಲಿ ರೂಪುಗೊಂಡ ವ್ಯವಸ್ಥೆ ಅವಿಭಕ್ತ ಕುಟುಂಬವನ್ನು ಹೋಲುವಂಥದು. ಒಂದೇ ಪಂಕ್ತಿಯ ಊಟ, ಒಂದೇ ಬೊಕ್ಕಸ. ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಮನೆವಾರ್ತೆಯ ಹೊಣೆ. ಶನಿವಾರದ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಹುಟ್ಟಿದ ಮನಸ್ತಾಪಗಳನ್ನು ಬಗೆಹರಿಸಿಕೊಳ್ಳಬೇಕು. 1801ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನ ಬಂಗಾಳಿ ಅಧ್ಯಾಪಕರಾದ ಮೇಲೂ ಕೇರಿಯವರ ಸಂಬಳ ಸೇರುತ್ತಿದ್ದುದು ಈ ಸಾಮೂಹಿಕ ಬೊಕ್ಕಸಕ್ಕೆ.

1805ರ ಅಕ್ಟೋಬರಿನಲ್ಲಿ ಈ ಸೋದರ ಬಳಗವು ತನ್ನ ತತ್ತ್ವಗಳನ್ನು ಒಡಂಬಡಿಕೆಯ ರೂಪದಲ್ಲಿ ಬರೆದು ಸಹಿಹಾಕಿತು. ಜನವರಿ, ಮೇ, ಅಕ್ಟೋಬರ್ ತಿಂಗಳುಗಳ ಮೊದಲ ಭಾನುವಾರ ಅದನ್ನು ಪ್ರತಿ ಕೇಂದ್ರದಲ್ಲಿಯೂ ಓದತಕ್ಕದ್ದೆಂದು ಗೊತ್ತುಮಾಡಲಾಯಿತು. ಜನರ ಆಲೋಚನಾಕ್ರಮವನ್ನು ಅರಿಯಬೇಕು. ಅವರ ದೇವರುಗಳನ್ನು ಕಟುವಾಗಿ ನಿಂದಿಸಬಾರದು, ವಿಗ್ರಹಗಳಿಗೆ ಘಾಸಿಮಾಡಬಾರದು. ಸ್ಥಳೀಯ ಸಭೆಗಳು ತಮ್ಮ ಪಾಲಕರನ್ನು ತಮ್ಮವರಲ್ಲಿಯೇ ಆರಿಸಿಕೊಳ್ಳಬೇಕು ಎಂಬುದು ಅದರ ಮುಖ್ಯ ಅಂಶಗಳು.

ನದಿ, ಹೆಸರು, ಊಟ, ಮದುವೆ, ಹೆಣದ ಹೆಗಲು

ವ್ಯಕ್ತಿಯೊಬ್ಬ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳನ್ನು ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಅಗಲಿಕೆ, ನಡುವಣ ಸ್ಥಿತಿ, ಸೇರ್ಪಡೆ ಎಂಬ ಮೂರು ಹಂತಗಳಲ್ಲಿ ವಿವರಿಸಿದರು. ಶ್ರೀರಾಮಪುರದ ಮೊದಲ ವರ್ಷಗಳ ಘಟನೆಗಳು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿವೆ.

ಬಡಗಿ ಕೃಷ್ಣ ಪಾಲ್ ಅವರು ತೋಳಿನ ಕೀಲು ತಪ್ಪಿದಾಗ ಮಿಷನ್ನಿನ ವೈದ್ಯ ಜಾನ್ ಥಾಮಸ್ ಅವರಿಂದ ಚಿಕಿತ್ಸೆ ಪಡೆದು, ಆ ಮೂಲಕ ಸಭೆಗೆ ಹತ್ತಿರವಾದರು. 1800ರ ಡಿಸೆಂಬರ್ 22ರಂದು ಅವರು ಮಿಷನರಿಗಳೊಡನೆ ಕುಳಿತು ಉಂಡರು. ಊರು ರೊಚ್ಚಿಗೆದ್ದುದು ಈ ಊಟಕ್ಕೆ. ಜನರ ಪಾಲಿಗೆ ಅಗಲಿಕೆಯ ಗಳಿಗೆ ದೀಕ್ಷಾಸ್ನಾನವಲ್ಲ, ಸಹಭೋಜನ. ಡಿಸೆಂಬರ್ 28ರಂದು ಕೃಷ್ಣ ಪಾಲ್ ಮತ್ತು ಕೇರಿಯವರ ಮಗ ಫೆಲಿಕ್ಸ್ ಇಬ್ಬರಿಗೂ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನವಾಯಿತು. ನೀರಿಗಿಳಿಯುವ ಮುನ್ನ ಕೇರಿ, ಈ ನದಿಯನ್ನು ತಾವು ಪವಿತ್ರವೆಂದು ಬಗೆಯುವುದಿಲ್ಲ, ಇದು ಬರಿಯ ನೀರು ಎಂದು ಬಂಗಾಳಿಯಲ್ಲಿ ಸ್ಪಷ್ಟಪಡಿಸಿದರು. ಹೂಗ್ಲಿ ಗಂಗೆಯ ಕವಲು. ಅದರಲ್ಲಿ ಮುಳುಗುವುದನ್ನು ದಡದ ಜನ ತೀರ್ಥಸ್ನಾನವೆಂದೇ ಓದಿಕೊಳ್ಳುವ ಸಂಭವವಿತ್ತು. ಆಚರಣೆಯ ಹೊರರೂಪ ಒಂದೇ ಆದಾಗ ಅರ್ಥವನ್ನು ಬೇರ್ಪಡಿಸಲು ಮಾತು ಬೇಕಾಗುತ್ತದೆ ಎಂಬುದನ್ನು ಕೇರಿ ಅರಿತಿದ್ದರು.

ಕೃಷ್ಣ ಪಾಲ್ ಅವರ ಹೆಸರು ಮಾತ್ರ ಬದಲಾಗಲಿಲ್ಲ. ಆದಿಸಭೆಯಲ್ಲಿಯೂ ಅಪೊಲ್ಲೋಸ, ಹೆರ್ಮ ಮುಂತಾದ ದೇವತಾಮೂಲದ ಹೆಸರುಗಳಿದ್ದವು, ಅಪೊಸ್ತಲರು ಅವನ್ನು ಬದಲಿಸಲಿಲ್ಲ ಎಂಬುದು 1805ರ ಒಡಂಬಡಿಕೆಯ ವಾದ. ಹೆಸರೆಂಬುದು ಮನೆತನದ, ಮನೆದೇವರ ನೆನಪು. ಅದನ್ನು ಉಳಿಸಿದ ಕೇರಿ, ಜಾತಿಯ ವಿಷಯದಲ್ಲಿ ಮಾತ್ರ ರಾಜಿಗೆ ಒಪ್ಪಲಿಲ್ಲ. ದಕ್ಷಿಣದ ತರಂಗಂಬಾಡಿಯ ಲೂಥೆರನ್ ಮಿಷನ್ ತನ್ನ ಸಭೆಗಳಲ್ಲಿ ಜಾತಿವಾರು ಆಸನಗಳನ್ನು ಸಹಿಸಿಕೊಂಡಿತ್ತು. ಶ್ರೀರಾಮಪುರದಲ್ಲಿ ಕರ್ತನ ಭೋಜನಕ್ಕೆ ಪಂಕ್ತಿಭೇದವಿರಲಿಲ್ಲ.

1803ರ ಏಪ್ರಿಲ್‌ನಲ್ಲಿ ಕೃಷ್ಣ ಪಾಲ್ ಅವರ ಮಗಳನ್ನು ಬ್ರಾಹ್ಮಣ ಮೂಲದ ಕೃಷ್ಣಪ್ರಸಾದ್ ವಿವಾಹವಾದರು. ಮದುವೆ ನಡೆದುದು ಬಡಗಿಯ ಮನೆಯ ಮುಂದಿನ ಮರದಡಿಯಲ್ಲಿ. ಕನ್ನಡ ಓದುಗರಿಗೆ ಇಲ್ಲಿ ಕಲ್ಯಾಣದ ಹರಳಯ್ಯ-ಮಧುವರಸರ ಮನೆಗಳ ಬೀಗತನ ನೆನಪಾಗುವುದು ಸಹಜ. ಎರಡಕ್ಕೂ ಚಾರಿತ್ರಿಕ ನಂಟಿಲ್ಲವಾದರೂ, ಕೊಟ್ಟು ತರುವ ಸಂಬಂಧವೇ ಜಾತಿಯ ಕೊನೆಯ ಗಡಿ ಎಂಬ ತಿಳಿವಳಿಕೆ ಎರಡು ಕಡೆಯೂ ಇದೆ. ಅದೇ ವರ್ಷ ಗೋಕುಲ್ ಎಂಬ ಸಭಾಸದಸ್ಯರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮಾರ್ಷ್‌ಮನ್, ಫೆಲಿಕ್ಸ್ ಅವರೊಡನೆ ಬ್ರಾಹ್ಮಣ ಮೂಲದ ಒಬ್ಬರೂ ಮುಸ್ಲಿಂ ಮೂಲದ ಒಬ್ಬರೂ ಇದ್ದರು. ಹೆಣ ಹೊರುವವರು ಯಾರೆಂಬ ಪ್ರಶ್ನೆಯೇ ಬಂಧುತ್ವದ ಮೇರೆಯನ್ನು ಗುರುತಿಸುವ ಸಮಾಜದಲ್ಲಿ, ಹೊಸ ಬಳಗವೊಂದು ಹುಟ್ಟಿದ್ದು ಆ ಹೆಗಲುಗಳ ಮೇಲೆ.

ಜನರ ನುಡಿ ಮತ್ತು ಕನ್ನಡ

ಸಭೆ ಜನರದಾಗಬೇಕಾದರೆ ಅದರ ನುಡಿಯೂ ಜನರದಾಗಬೇಕು ಎಂಬುದು ಕೇರಿಯವರ ಭಾಷಾಕಾರ್ಯದ ಹಿಂದಿನ ತತ್ತ್ವ. 1801ರ 'ಕಥೋಪಕಥನ'ದಲ್ಲಿ ಕೂಲಿಗಳು, ಬೆಸ್ತರು, ಸಾಲಗಾರರು, ಜಗಳವಾಡುವ ಹೆಂಗಸರು ತಮ್ಮ ಆಡುಮಾತಿನಲ್ಲಿಯೇ ಮಾತಾಡುತ್ತಾರೆ. 1812ರ 'ಇತಿಹಾಸಮಾಲಾ' ಸುಮಾರು 150 ಕಥೆಗಳ ಸಂಕಲನ. ಇವುಗಳ ಹಿಂದೆ ದೇಶೀಯ ಪಂಡಿತರ ಶ್ರಮವಿದೆ ಎಂಬುದನ್ನು ಮರೆಯುವಂತಿಲ್ಲ. 1812ರ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸೇರಿತ್ತು. ಕೆಲಸವನ್ನು ಮೊದಲಿನಿಂದ ಆರಂಭಿಸಲಾಯಿತು. ಐದು ವರ್ಷಗಳಲ್ಲಿ ಕನ್ನಡ ವ್ಯಾಕರಣ ಹೊರಬಂತು. ಇಂಗ್ಲಿಷಿನಲ್ಲಿ ರಚಿತವಾದ ಆರಂಭಿಕ ಕನ್ನಡ ವ್ಯಾಕರಣಗಳಲ್ಲಿ ಅದೂ ಒಂದು.

ಒಡಂಬಡಿಕೆಯ ಮಿತಿಗಳು

ಈ ನಾಯಕತ್ವದ ಬೆಲೆಯನ್ನು ತೆತ್ತವರೂ ಇದ್ದಾರೆ. ಮೊದಲಿಗೆ ಭಾರತಕ್ಕೆ ಬರಲೊಪ್ಪದಿದ್ದ ಪತ್ನಿ ಡೊರೊಥಿ, 1794ರಲ್ಲಿ ಐದು ವರ್ಷದ ಮಗ ಪೀಟರನನ್ನು ಕಳೆದುಕೊಂಡ ಬಳಿಕ ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡರು. 1800ರ ಆ ದೀಕ್ಷಾಸ್ನಾನದ ದಿನವೂ ಅವರು ಕೋಣೆಯೊಂದರಲ್ಲಿ ಬಂದಿಯಾಗಿದ್ದರು. 1807ರಲ್ಲಿ ತೀರಿಕೊಳ್ಳುವವರೆಗೂ ಅವರ ಸ್ಥಿತಿ ಸುಧಾರಿಸಲಿಲ್ಲ. 1805ರ ಒಡಂಬಡಿಕೆಗೆ ಸಹಿಹಾಕಿದವರೆಲ್ಲ ಮಿಷನರಿ ಪುರುಷರು. ಕೃಷ್ಣ ಪಾಲ್ ಅವರ ಸಹಿ ಅದರಲ್ಲಿಲ್ಲ, ಮಿಷನ್ನಿನ ಶಾಲೆಗಳಿಗೆ ದುಡಿದ ಹ್ಯಾನಾ ಮಾರ್ಷ್‌ಮನ್ ಅವರ ಸಹಿಯೂ ಇಲ್ಲ. ಜನರ ಆಲೋಚನಾಕ್ರಮವನ್ನು ಅರಿಯಬೇಕೆಂಬ ಆಶಯವೂ ಕೊನೆಗೆ ಮತಪ್ರಸಾರದ ಸಾಧನವೇ ಆಗಿತ್ತು. ಆಸ್ತಿ ಮತ್ತು ಅಧಿಕಾರದ ವಿಷಯದಲ್ಲಿ ಕಿರಿಯ ಮಿಷನರಿಗಳೊಡನೆ, ಇಂಗ್ಲೆಂಡಿನ ಸಂಘದೊಡನೆ ವೈಮನಸ್ಯ ಬೆಳೆದು 1827ರಲ್ಲಿ ಶ್ರೀರಾಮಪುರವು ಸಂಘದಿಂದ ಬೇರ್ಪಟ್ಟಿತು. ಶನಿವಾರದ ಸಂಜೆಗಳು ಬಗೆಹರಿಸಲಾರದ ಜಗಳಗಳೂ ಇದ್ದವು.

ಸಮಾರೋಪ

1829ರ ಡಿಸೆಂಬರಿನಲ್ಲಿ ಸತಿ ನಿಷೇಧದ ಆಜ್ಞೆ ಭಾನುವಾರ ಕೈಸೇರಿದಾಗ, ಕೇರಿ ಅಂದಿನ ಉಪದೇಶವನ್ನು ಇನ್ನೊಬ್ಬರಿಗೆ ವಹಿಸಿ, ಸಂಜೆಯೊಳಗೆ ಅದರ ಬಂಗಾಳಿ ಅನುವಾದವನ್ನು ಮುಗಿಸಿದರು. ಉಪದೇಶವನ್ನು ಮಾಡಲು ಬೇರೆಯವರಿದ್ದರು, ತಡಮಾಡಿದರೆ ಹೋಗುವ ಪ್ರಾಣಗಳಿಗೆ ಬದಲಿಯಿರಲಿಲ್ಲ. ಪಾಲಕನ ಸ್ಥಾನ ಪೀಠವಲ್ಲ, ಹೊಣೆ ಎಂಬ ಅವರ ನಿಲುವಿಗೆ ಇದೊಂದು ನಿದರ್ಶನ.

ಒಟ್ಟಿನಲ್ಲಿ, ಸಭಾಪಾಲಕನ ಅಧಿಕಾರವು ಸಭೆಯು ಕೊಟ್ಟ ಮಾತಿನಿಂದ ಹುಟ್ಟುತ್ತದೆ, ಅದೇ ಮಾತಿಗೆ ಆತನೂ ಬದ್ಧನಾಗಿರಬೇಕು ಎಂಬುದು ಕೇರಿಯವರ ನಂಬಿಕೆಯ ಸಾರ. ಇಂಗ್ಲೆಂಡಿನ ಕಸುಬುದಾರರ ಸಭೆಗಳಲ್ಲಿ ಕಲಿತ ಈ ತತ್ತ್ವವನ್ನು ಅವರು ಬಂಗಾಳದ ಊಟದ ಪಂಕ್ತಿ, ಮದುವೆಯ ಚಪ್ಪರ, ಹೆಣದ ಹೆಗಲುಗಳವರೆಗೆ ತಂದರು. ಸಹಿಹಾಕುವ ಹಕ್ಕನ್ನು ಎಲ್ಲರಿಗೂ ಹಂಚಲಾಗದ್ದು ಅವರ ಮಿತಿ. ಹೆಸರನ್ನು ಕಸಿಯದೆ ಪಂಕ್ತಿಯನ್ನು ಒಂದಾಗಿಸಿದ್ದು ಅವರ ಸಾಧನೆ. ಮಿಷನರಿ ಬರಹಗಳನ್ನು ಸಮುದಾಯದ ಆಚರಣೆಗಳ ದಾಖಲೆಗಳಾಗಿ ಓದುವ ಕೆಲಸವು ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳ ಸಂದರ್ಭದಲ್ಲಿಯೂ ನಡೆಯಬೇಕಾಗಿದೆ.